ಟಿಪ್ಪರ್‌ಗೂ ಒಂದು ಎಕ್ಸ್‌ರೇ

ನಂಗಲಿ ಚೆಕ್‌ಪೋಸ್ಟಿಗೆ ಒಂದು ಲಾರಿ ಸ್ಕ್ಯಾನರ್, ಅಂದರೆ ಇಡೀ ಲಾರಿಗೇ ಎಕ್ಸ್‌ರೇ ತೆಗೆಯುವ ಯಂತ್ರ, ಬೇಕೇ ಬೇಕು. ಬಂದರುಗಳಿಗೆ ಕೊಟ್ಟಿದ್ದಾರೆ, ಕೋಲಾರ ಏನು ಪಾಪ ಮಾಡಿದೆ? ಬಾಡಿಗಿಂತ ಎರಡಡಿ ಮೇಲೆದ್ದ ಜಲ್ಲಿಯನ್ನು ಹಿಂದಿನ ಬೈಕಿನವನ ಹೆಲ್ಮೆಟ್ಟಿಗೆ ಉದುರಿಸುತ್ತ ಬರುವ ಟಿಪ್ಪರ್‌ನಲ್ಲಿ ಏನಿದೆ, ಎಷ್ಟಿದೆ ಎಂಬುದು ಬರಿಗಣ್ಣಿಗೆ ಇಷ್ಟು ವರ್ಷವಾದರೂ ಗೊತ್ತಾಗಿಲ್ಲ. 6 ಎಂಇವಿ (ಕಿರಣದ ಶಕ್ತಿಯ ಅಳತೆ) ಎಕ್ಸ್‌ರೇ ಕಿರಣ ಬಿಟ್ಟಾದರೂ ನೋಡೋಣ.

ಯಂತ್ರದ ಮೇಲೆ ತಕರಾರಿಲ್ಲ. ಒಂದು ಪಕ್ಕ ಕಿರಣ ಹೊರಡಿಸುವ ಲೀನಿಯರ್ ಆಕ್ಸಿಲರೇಟರ್, ಎದುರಿಗೆ ಅದನ್ನು ಹಿಡಿಯುವ ಡಿಟೆಕ್ಟರ್‌ಗಳ ಸಾಲು. ಲಾರಿ ಸರಿದಂತೆ ಕಿರಣದ ಪ್ರತಿ ಪಲ್ಸಿಗೆ ಚಿತ್ರದ ಒಂದೊಂದು ಗೆರೆ ಮೂಡುತ್ತದೆ. ಸುಮಾರು 30 ಸೆಂ.ಮೀ. ಉಕ್ಕಿನ ಆಚೆಗೂ ಕಾಣಿಸುತ್ತದೆ. ಎರಡು ಶಕ್ತಿಯ ಕಿರಣ ಬಳಸಿದರೆ ಪರದೆಯಲ್ಲಿ ಸಾಮಾನ್ಯವಾಗಿ ಸಾವಯವ ವಸ್ತು ಕಿತ್ತಳೆ ಬಣ್ಣ, ಲೋಹ ನೀಲಿ. ಆದರೆ ಲಾರಿ ಒಂದೇ ವೇಗದಲ್ಲಿ ಸಾಗಬೇಕು. ಯಂತ್ರದ ಮುಂದೆ ಹಂಪ್ ಹಾಕದ ಇಂಜಿನಿಯರ್ ನಮ್ಮಲ್ಲಿನ್ನೂ ಹುಟ್ಟಿಲ್ಲ. ವೇಗ ಅಳೆಯುವ ಸೆನ್ಸರ್‌ಗೂ ಧೂಳು ಕೂತಿತೋ, ಚಿತ್ರದಲ್ಲಿ ನಿಧಾನವಾದ ಕಡೆ ಲಾರಿ ರೈಲಿನಷ್ಟು ಉದ್ದ, ಜೋರಾದ ಕಡೆ ಆಟೋದಷ್ಟು ಮೋಟು.

ಕ್ಯಾಬಿನ್ ದಾಟಿದ ಮೇಲೆಯೇ ಕಿರಣ ಹೊರಡುವ ವ್ಯವಸ್ಥೆಯೂ ಉಂಟು, ಡ್ರೈವರ್ ಬಚಾವ್. ಕ್ಲೀನರ್ ಟೊಮೆಟೊ ಬಾಕ್ಸ್‌ಗಳ ಮೇಲೆ ಟವೆಲ್ ಹೊದ್ದು ಮಲಗಿರುತ್ತಾನೆಂದು ತಯಾರಕರಿಗೆ ಯಾರೂ ಹೇಳಿಲ್ಲ. ಪರದೆಯಲ್ಲಿ ಟೊಮೆಟೊನೂ ಕಿತ್ತಳೆ, ಅವನೂ ಕಿತ್ತಳೆ. (ಒಂದು ಸಲದ ಡೋಸ್ ತೀರಾ ಅಲ್ಪ, ಅವನನ್ನು ಎಬ್ಬಿಸಬೇಡಿ.)

ಗ್ರಾನೈಟ್ ಬ್ಲಾಕ್ ಬಂದರೆ ಇನ್ನೂ ಚೆಂದ. ಕಲ್ಲಿನ ಸಾಂದ್ರತೆ ಉಕ್ಕಿನ ಮೂರನೇ ಒಂದರಷ್ಟು, ಅಂದರೆ ದಪ್ಪ ಒಂದು ಮೀಟರಿಗೆ ಹತ್ತಿರವಾದಂತೆ ಕಿರಣ ಸುಸ್ತು. ಒಂದೂವರೆ ಮೀಟರ್ ಅಗಲದ ಬ್ಲಾಕಿಗೆ ಪರದೆ ಪೂರ್ತಿ ಕಪ್ಪು. ‘ಒಳಗೇನೋ ಅಡಗಿದೆ’ ಎಂದು ವರದಿ ಹೋಗುತ್ತದೆ. ಬ್ಲಾಕ್ ಮಾತ್ರ ಸರಪಳಿ ಬಿಗಿಸಿಕೊಂಡು ಟ್ರೇಲರ್ ಮೇಲೆ ಬಿಸಿಲು ಕಾಯಿಸುತ್ತಿರುತ್ತದೆ.

ಸರಿ, ತೂಕ? ಅದಕ್ಕೆ ವೇಬ್ರಿಡ್ಜೇ ಬೇಕು. 2018ರಿಂದ ಮೂರು ಆಕ್ಸಲ್ ಲಾರಿಗೆ ಒಟ್ಟು 28.5 ಟನ್ ಮಿತಿ. ಮೀರಿದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ 20,000 ರೂಪಾಯಿ ದಂಡ, ಮೇಲೆ ಹೆಚ್ಚುವರಿ ಟನ್ನಿಗೆ 2,000. ಹೆಚ್ಚಿನ ಲೋಡು ಇಳಿಸದೆ ಗಾಡಿ ಬಿಡಕೂಡದೆಂದೂ ಕಾಯ್ದೆಯಲ್ಲಿದೆ. ಇಳಿಸೋಣವೆಂದರೆ ಜಾಗವಿಲ್ಲ, ಸ್ವಾಮಿ! ಸ್ಕ್ಯಾನರ್ ಬಂದರೆ ಅದೂ ಬಗೆಹರಿಯಿತು. ಕಿರಣ ಬಿಡುವಾಗ ಜನ ಸುಳಿಯದಂತೆ ಸುತ್ತ ಖಾಲಿ ಜಾಗ ಬಿಡಲೇಬೇಕು, ಇಲ್ಲವೇ ದಪ್ಪ ಗೋಡೆ ಕಟ್ಟಬೇಕು. ಜಲ್ಲಿ ಅಲ್ಲೇ ಸುರಿಸಿ. ರಾಶಿ ಆಳೆತ್ತರವಾದರೆ ಗೋಡೆಯ ಟೆಂಡರೂ ಉಳಿಯಿತು.