ಮರದ ಮನೆಗೆ ಭಯ ಚಳಿಯದ್ದಲ್ಲ, ನೀರಿನದು

ಹಿಮ ಸುರಿಯುವ, ಗಾಳಿ ಬಡಿಯುವ ಜಾಗದಲ್ಲಿ ಮರದ ಮನೆ ನಿಲ್ಲುತ್ತದಾ ಎಂದು ತುಂಬಾ ಜನ ಕೇಳುತ್ತಾರೆ. ನನಗೆ ತಕ್ಷಣ ನೆನಪಾಗುವುದು ನಾರ್ವೆಯ ಹಳೆಯ ಮರದ ಚರ್ಚುಗಳು. ಮೊದಮೊದಲು ಅಲ್ಲಿ ಕಂಬಗಳನ್ನು ನೇರವಾಗಿ ಮಣ್ಣಿನಲ್ಲಿ ಹೂಳುತ್ತಿದ್ದರು. ಅವು ಬುಡದಲ್ಲೇ ಕೊಳೆತವು. ಆಮೇಲೆ ಕಲ್ಲಿನ ಪಾಯ ಹಾಕಿ, ಮೇಲೆ ಅಡ್ಡ ತೊಲೆ ಕೂರಿಸಿ, ಅದರ ಮೇಲೆ ಕಂಬ ನಿಲ್ಲಿಸಿದರು. ಬೋರ್ಗುಂಡ್‌ನ ಚರ್ಚು ಹಾಗೆ ಕಟ್ಟಿದ್ದು. 800 ವರ್ಷ ದಾಟಿದರೂ ನಿಂತಿದೆ.

ಮರವನ್ನು ತೇವದಿಂದ ದೂರ ಇಡಬೇಕು ಎಂಬ ಈ ಮಾತು ಈಗಿನ ಸಿಎಲ್‌ಟಿ (ಕ್ರಾಸ್ ಲ್ಯಾಮಿನೇಟೆಡ್ ಟಿಂಬರ್) ಪ್ಯಾನೆಲ್‌ಗೂ ಸಲ್ಲುತ್ತದೆ. ಹಲಗೆಗಳನ್ನು ಪದರ ಪದರವಾಗಿ, ಒಂದು ಉದ್ದಕ್ಕೆ ಒಂದು ಅಡ್ಡಕ್ಕೆ ಇಟ್ಟು ಅಂಟಿಸುತ್ತಾರೆ. ತೇವಕ್ಕೆ ಮರ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಅಷ್ಟಾಗಿ ಇಲ್ಲ. ಹಾಗಾಗಿ ಒಂದು ಪದರವನ್ನು ಇನ್ನೊಂದು ಹಿಡಿದಿಡುತ್ತದೆ. ಗಟ್ಟಿತನದ ಬಗ್ಗೆ ಅನುಮಾನ ಬೇಡ. ನಾರ್ವೆಯಲ್ಲೇ 2019ರಲ್ಲಿ 85 ಮೀಟರ್ ಎತ್ತರದ ಮ್ಯೋಸ್ತೋರ್ನೆಟ್ ಎಂಬ ಕಟ್ಟಡ ಎದ್ದಿತು. ಅದರ ಕಂಬ, ತೊಲೆಗಳೆಲ್ಲ ಅಂಟಿಸಿದ ಮರ.

ತೊಂದರೆ ಶುರುವಾಗುವುದು ತೇವ ಒಳಗೆ ಸಿಕ್ಕಿಕೊಂಡಾಗ. ಕಾರ್ಖಾನೆಯಿಂದ ಹೊರಡುವಾಗ ಪ್ಯಾನೆಲ್‌ನಲ್ಲಿ ತೇವ ಸುಮಾರು 12% ಇರುತ್ತದೆ. ಅದು 20% ದಾಟಿ ಬಹಳ ದಿನ ಹಾಗೇ ಉಳಿದರೆ ಶಿಲೀಂಧ್ರಕ್ಕೆ ದಾರಿಯಾಗುತ್ತದೆ. ಮರ ಜಾಸ್ತಿ ನೀರು ಹೀರುವುದು ಕತ್ತರಿಸಿದ ತುದಿಯಿಂದ. ಅದಕ್ಕೇ ಕಟ್ಟುವಾಗ ಪ್ಯಾನೆಲ್‌ಗಳನ್ನು ಮಳೆಗೆ ಬಿಡಬಾರದು. ನೆನೆದ ಪ್ಯಾನೆಲ್ ಒಣಗುವ ಮೊದಲೇ ಮೇಲೆ ಇನ್ಸುಲೇಷನ್ (ಚಳಿ, ಬಿಸಿ ತಡೆಯುವ ಪದರ) ಮುಚ್ಚುವುದಂತೂ ನನ್ನ ಪ್ರಕಾರ ದೊಡ್ಡ ತಪ್ಪು.

ಒಳಗಿನ ತೇವವೂ ಕಡಿಮೆಯಲ್ಲ. ಅಡುಗೆ, ಸ್ನಾನ, ನಮ್ಮ ಉಸಿರು, ಎಲ್ಲದರಿಂದಲೂ ಆವಿ ಏಳುತ್ತದೆ. ಸಣ್ಣ ಸಂದಿ ಸಿಕ್ಕರೆ ಸಾಕು, ಗೋಡೆಯೊಳಗೆ ನುಗ್ಗಿ, ತಣ್ಣನೆಯ ಜಾಗ ತಗುಲಿದ ಕೂಡಲೇ ನೀರಾಗುತ್ತದೆ. ಚಳಿ ಪ್ರದೇಶದಲ್ಲಿ ಆವಿ ತಡೆಯುವ ಪದರ ಒಳಬದಿಗೆ ಬೇಕು. ಬಿಸಿ, ತೇವದ ಹವೆಯಲ್ಲಿ ಎಸಿ ಹಾಕಿದ ಮನೆಗೆ ಆವಿ ಬರುವುದು ಹೊರಗಿನಿಂದ. ಚಳಿ ದೇಶದ ನಕ್ಷೆಯನ್ನು ಸುಮ್ನೆ ಅಲ್ಲಿಗೆ ತಂದರೆ ಗೋಡೆ ಕೆಡುತ್ತದೆ.

ಗೋಡೆಯಾಚೆ ಚಾಚಿದ ಸೂರೇ ಇಲ್ಲದ, ಪೆಟ್ಟಿಗೆಯಂಥ ಮರದ ಮನೆಗಳ ಫೋಟೋ ಚೆನ್ನಾಗಿಯೇ ಕಾಣುತ್ತವೆ. ನನಗೆ ಮಾತ್ರ ಅವನ್ನು ನೋಡಿದರೆ ಸಂಕಟ. ಚಾಚಿದ ಸೂರು ಗೋಡೆಗೆ ಕೊಡೆ ಅಲ್ವಾ? ಹೊರ ಹೊದಿಕೆಯ ಹಿಂದೆ ಗಾಳಿ ಆಡಲು ಜಾಗ ಬಿಡಿ, ಹಲಗೆಯನ್ನು ನೆಲದಿಂದ ಮೇಲೆತ್ತಿ. ಹಣ ಉಳಿಸಬೇಕಿದ್ದರೆ ಟೈಲ್ಸ್‌ನಲ್ಲಿ ಉಳಿಸಿ, ಇದರಲ್ಲಿ ಬೇಡ.

ಇನ್ನೊಂದು, ಮನೆಗೆ ಫ್ಯಾನ್ ಕೂರಿಸಿ ಗಾಳಿ ಎಲ್ಲಿ ಸೋರುತ್ತದೆ ಎಂದು ನೋಡುವ ಪರೀಕ್ಷೆಯಿದೆ. ಗೋಡೆಗಳನ್ನು ಪೂರ್ತಿ ಮುಚ್ಚುವ ಮೊದಲೇ ಒಮ್ಮೆ ಮಾಡಿಸಿ. ಆಮೇಲೆ ಸೋರಿಕೆ ಗೊತ್ತಾದರೂ ಅಲ್ಲಿಗೆ ಕೈ ಹೋಗುವುದಿಲ್ಲ.