ಕಾಕಾನ ಸೆನ್ಸಾರ್ ಮಂಡಳಿ

ಮೇ ತಿಂಗಳ ಕಲಬುರಗಿಯಲ್ಲಿ ಚಾದರ ಹೊದ್ದು ಮಲಗುವವರನ್ನು ನೋಡಬೇಕೇ? ನಮ್ಮ ಮನೆಗೆ ಬನ್ನಿ. ಮಧ್ಯರಾತ್ರಿಯಾದರೂ ನೆಲದ ಫರಸಿ ತಣ್ಣಗಾಗಿರುವುದಿಲ್ಲ. ನನ್ನ ಇಬ್ಬರು ಮಕ್ಕಳು ಮಾತ್ರ ತಲೆಯಿಂದ ಕಾಲಿನವರೆಗೆ ಮುಸುಕೆಳೆದು, ನನ್ನ ಎರಡೂ ಮಗ್ಗುಲಿಗೆ ಅಂಟಿಕೊಂಡು ಬೆವರುತ್ತಿರುತ್ತಾರೆ. ಕಾಲು ಹೊರಗೆ ಕಂಡರೆ ದೆವ್ವ ಎಳೆಯುತ್ತದಂತೆ. ಕೂಲರ್‌ನ ಗರಗರ ಸದ್ದೂ ಅದರದ್ದೇ ಅಂತೆ. ಹಾಗಾಗಿ ಕೂಲರ್ ಬಂದ್.

ಎಲ್ಲವೂ ನನ್ನ ತಮ್ಮನ, ಅಂದರೆ ಮಕ್ಕಳ ಕಾಕಾನ ಕೃಪೆ. ಭಾನುವಾರ ಅವನು ಹಚ್ಚಿದ ಸಿನಿಮಾದ ಮೂಲೆಯಲ್ಲಿ ಯುಎ 16+ ಎಂದಿತ್ತು. ಮಗನಿಗೆ ಹನ್ನೊಂದು, ಮಗಳಿಗೆ ಏಳು. "ಇಬ್ಬರದೂ ಕೂಡಿಸಿದರೆ ಹದಿನೆಂಟಾಯಿತಲ್ಲ, ಅಣ್ಣ" ಎಂದ.

2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿ ತಂದು ಯುಎಯನ್ನು 7, 13, 16 ಎಂದು ಮೂರು ಹೋಳು ಮಾಡಿದರು. ಎಷ್ಟು ಹೋಳಾದರೂ ಯುಎ ಎಂದರೆ ಕೊನೆಗೆ 'ಪೋಷಕರೇ ನೋಡಿಕೊಳ್ಳಿ' ಎಂದೇ. ಎ ಪ್ರಮಾಣಪತ್ರವಾದರೆ ಮಕ್ಕಳನ್ನು ತಡೆಯುವ ಜಗಳ ಚಿತ್ರಮಂದಿರದ ಬಾಗಿಲು ಕಾಯುವವನದು. ಯುಎ ಜಗಳ ನೇರವಾಗಿ ನಮ್ಮ ಪಡಸಾಲೆಗೇ ಬರುತ್ತದೆ. ಕೂಡು ಕುಟುಂಬದಲ್ಲಿ ಪೋಷಕರೆಂದರೆ ಯಾರು? ರಿಮೋಟ್ ಯಾರ ಕೈಯಲ್ಲಿದೆಯೋ ಅವರು.

ಕಾಕಾನ ಸೆನ್ಸಾರ್ ಪದ್ಧತಿಯೇ ಬೇರೆ. ಭಯದ ದೃಶ್ಯ ಬರುವ ಸುಳಿವು ಸಿಕ್ಕರೆ ಸಾಕು, ಹತ್ತು ಸೆಕೆಂಡು ಮುಂದೆ ಓಡಿಸುತ್ತಾನೆ. ಮುದುಕನೊಬ್ಬ ಚಹಾ ಕುಡಿಯುತ್ತಿದ್ದ, ಅದನ್ನು ಹಾರಿಸಿದ. ನೇರ ದೆವ್ವದ ಮುಖದ ಮೇಲೆ ಬಂದಿಳಿದೆವು. ಗಾಬರಿಯಲ್ಲಿ ಹಿಂದೆ ಒತ್ತಿದ. ಮತ್ತೆ ಮುದುಕ, ಮತ್ತೆ ಚಹಾ, ಮತ್ತೆ ದೆವ್ವ. ಮೂರನೆಯ ಸಲ ನಿಲ್ಲಿಸಲು ಹೋಗಿ ನಿಲ್ಲಿಸಿದ್ದಾದರೂ ಎಲ್ಲಿ? ದೆವ್ವ ಬಾಯಿ ತೆರೆದಲ್ಲಿ! ಅದೇ ಹೊತ್ತಿಗೆ ಯಾರದೋ ಫೋನ್ ಬಂತು. ಅವನು ಮಾತನಾಡುತ್ತ ಅಂಗಳಕ್ಕೆ ಹೋದ, ರಿಮೋಟ್ ಅವನ ಕಿಸೆಯಲ್ಲೇ ಹೋಯಿತು. ಪಡಸಾಲೆಯ ತುಂಬ ಆ ಬಾಯಿ. ಅಡುಗೆಮನೆಯಿಂದ ಬಂದ ನನ್ನ ಹೆಂಡತಿ ಮೊದಲು ಟಿವಿಯನ್ನು ನೋಡಿದಳು, ಆಮೇಲೆ ನನ್ನನ್ನು. ಎರಡನೆಯದೇ ಹೆಚ್ಚು ಭಯಾನಕವಾಗಿತ್ತು.

ಹಿಂದಿರುಗಿದ ಕಾಕಾ ಇಬ್ಬರ ಕಣ್ಣಿಗೂ ಅಂಗೈ ಅಡ್ಡ ಹಿಡಿದ. ಕಿವಿ? ಕಿರ್ರೆನ್ನುವ ಬಾಗಿಲು, ಇದ್ದಕ್ಕಿದ್ದಂತೆ ಬೀಳುವ ಮೌನ, ಅರ್ಧ ಭಯ ಇರುವುದೇ ಅಲ್ಲಿ. ಕಾಣದ ದೆವ್ವಕ್ಕೆ ಮಕ್ಕಳು ತಾವೇ ಹಲ್ಲು ಹಚ್ಚುತ್ತಾರೆ.

ನಾವೇನು ದೆವ್ವ ಕಾಣದೆ ಬೆಳೆದವರಲ್ಲ. ಬೇಸಿಗೆಯಲ್ಲಿ ಕರೆಂಟ್ ಹೋದರೆ ಮಾಳಿಗೆಯ ಮೇಲೆ ಆಯಿಯ ಸುತ್ತ ಮಲಗುತ್ತಿದ್ದೆವು. ಹುಣಸೆಮರದಲ್ಲಿ ಯಾರೋ ಕುಳಿತಿದ್ದಾರೆ ಎಂದು ಆಯಿ ಶುರು ಮಾಡುವಳು. ಸಣ್ಣವನ ಉಸಿರು ಬಿಗಿಯಾದದ್ದು ಕತ್ತಲಲ್ಲೂ ಅವಳಿಗೆ ಗೊತ್ತಾಗುತ್ತಿತ್ತು. ಮರದ ಮೇಲಿದ್ದದ್ದು ಆ ಕ್ಷಣವೇ ಕೋತಿಯಾಗಿಬಿಡುತ್ತಿತ್ತು. ಅವನು ನಿದ್ದೆ ಹೋದ ಮೇಲೆ, ದೊಡ್ಡವರಿಗಾಗಿ, ಅದು ಮತ್ತೆ ದೆವ್ವ.

ನಿನ್ನೆ ಸಂಜೆ ಕಾಕಾ ಮಿರ್ಚಿ ಭಜಿಯ ಪೊಟ್ಟಣ ಹಿಡಿದು ಸಂಧಾನಕ್ಕೆ ಬಂದ. ಈ ಭಾನುವಾರಕ್ಕೆ ಬೇರೆಯದನ್ನು ಹುಡುಕಿಟ್ಟಿದ್ದಾನಂತೆ. "ಹೆದರಬೇಡ ಅಣ್ಣ, ಇದು ಮಕ್ಕಳದ್ದೇ ಸಿನಿಮಾ. ದೆವ್ವಕ್ಕೇ ಬರೀ ಆರು ವರ್ಷ."