ವಿಮಾನದ ಊರಿನವರು ನಾವು

ಪುತ್ತೂರಿನ ಭಾವ ಫ್ಯಾಮಿಲಿ ಗ್ರೂಪಿಗೆ ವಿಡಿಯೊ ಹಾಕಿದ್ದರು. ಕಾಯಿಲೆಯ ಮಗುವೊಂದನ್ನು ಹೊತ್ತು ಝೀರೊ ಟ್ರಾಫಿಕ್‌ನಲ್ಲಿ ಮಂಗಳೂರಿನಿಂದ ಬೆಂಗಳೂರಿಗೆ ಓಡುತ್ತಿರುವ ಆಂಬುಲೆನ್ಸ್, ಅಲ್ಲಲ್ಲಿ ದಾರಿ ಬಿಡಿಸುತ್ತಿರುವ ಹುಡುಗರು. ಆಸ್ಟ್ರೇಲಿಯಾದ ಬ್ರಿಸ್ಬೇನ್ ಆಫೀಸಿನಲ್ಲಿ ಹೆಮ್ಮೆಯಿಂದ ತೋರಿಸಿದೆ. ಕ್ವೀನ್ಸ್‌ಲ್ಯಾಂಡಿನ ಒಳನಾಡಿನಲ್ಲಿ ಬೆಳೆದ ಗೆಳೆಯನೊಬ್ಬ ನೋಡಿ, "ನಿಮ್ಮೂರಲ್ಲಿ ವಿಮಾನ ಮಾಡ್ತಾರೆ ಅಂದಿದ್ದೆಯಲ್ಲ, ಮತ್ತೆ ರಸ್ತೇಲಿ ಯಾಕೆ?" ಅಂದ. ಕುಹಕವೇನೂ ಇರಲಿಲ್ಲ. ಅದಕ್ಕೇ ಜಾಸ್ತಿ ಚುಚ್ಚಿತು.

ಈ ಆಸ್ಟ್ರೇಲಿಯಾದವರ ಹಾರುವ ಡಾಕ್ಟರ್ ಸೇವೆಯ ಕಥೆ ಕೇಳಿ. 1928ರ ಮೇ 17ರಂದು ಕ್ಲಾನ್‌ಕರಿ ಎಂಬ ಧೂಳಿನ ಊರಿನಿಂದ ಡಾಕ್ಟರ್ ವೆಲ್ಚ್ ಜೂಲಿಯಾ ಕ್ರೀಕ್‌ಗೆ ಹಾರಿದರು. ವಿಮಾನ ಆಂಬುಲೆನ್ಸ್‌ಗೆಂದೇ ಮಾಡಿದ್ದಲ್ಲ. ಕ್ವಾಂಟಾಸ್ ವಿಮಾನ ಕಂಪನಿ ಬಳಿ ಇದ್ದ ಡಿ ಹ್ಯಾವಿಲೆಂಡ್ ಡಿಎಚ್ 50. ಮರ, ಬಟ್ಟೆ, ಒಂದೇ ಇಂಜಿನ್. ಬಾಡಿಗೆ ಮೈಲಿಗೆ ಎರಡು ಶಿಲಿಂಗ್, ನಮ್ಮ ಆಟೋ ಮೀಟರಿನ ಹಾಗೆ! ನಾಲ್ಕು ಜನ ಕೂರುವ ಕ್ಯಾಬಿನ್ನಿನಲ್ಲಿ ಸ್ಟ್ರೆಚರ್‌ಗೆ ಜಾಗ ಮಾಡಿದರು, ಅಷ್ಟೇ. ಡಾಕ್ಟರು, ರೋಗಿ ಒಳಗೆ. ಪೈಲಟ್ ಆರ್ಥರ್ ಅಫ್ಲೆಕ್ ಮಾತ್ರ ಕ್ಯಾಬಿನ್ನಿನ ಹಿಂದೆ, ಮೇಲೆ ಸೂರಿಲ್ಲದೆ, ಗಾಳಿ ಬಿಸಿಲಿಗೆ ಮುಖ ಕೊಟ್ಟು ಕೂರಬೇಕು. ರೇಡಿಯೊ ಇಲ್ಲ, ಇದ್ದದ್ದು ಒಂದು ದಿಕ್ಸೂಚಿ. ಉಳಿದದ್ದಕ್ಕೆ ಕೆಳಗಿನ ಬೇಲಿ, ಹೊಳೆ, ತಂತಿ ಕಂಬ ನೋಡಿಕೊಂಡು ಹೋಗೋದು. ವೇಗ ಗಂಟೆಗೆ 80 ಮೈಲಿ ಆಸುಪಾಸು. ದೂರದ ಫಾರ್ಮಿನವರು ಡಾಕ್ಟರನ್ನು ಕರೆಯೋದಾದರೂ ಹೇಗೆ? ಅದಕ್ಕೂ ಕಾಯಲಿಲ್ಲ. ಪೆಡಲ್ ತುಳಿದು ಕರೆಂಟ್ ಮಾಡಿಕೊಳ್ಳುವ ಟ್ರೇಗರ್ ಎಂಬ ಇಂಜಿನಿಯರ್‌ನ ರೇಡಿಯೊ ಬಂದದ್ದು ಮರುವರ್ಷ, 1929ರಲ್ಲಿ.

ಇದನ್ನೆಲ್ಲ ಹಠ ಹಿಡಿದು ಮಾಡಿಸಿದ ಪಾದ್ರಿ ಜಾನ್ ಫ್ಲಿನ್ ಮುಖ ಇವರ 20 ಡಾಲರ್ ನೋಟಿನ ಮೇಲಿದೆ. ನಾನು ಅದನ್ನು ಕೊಟ್ಟು ಕಾಫಿ ಕುಡಿಯುತ್ತೇನೆ.

ನಮ್ಮಲ್ಲಿ? 1940ರಿಂದ ಎಚ್‌ಎಎಲ್ ಇದೆ. ವಿಮಾನ ಸಂಶೋಧನೆಯ ಎನ್‌ಎಎಲ್ ಇದೆ. ಎನ್‌ಎಎಲ್‌ನ ಸಾರಸ್ ವಿಮಾನ 2004ರಲ್ಲಿ ಮೊದಲ ಸಲ ಹಾರಿತು, ಏರ್ ಆಂಬುಲೆನ್ಸ್ ಆಗಿಯೂ ಬಳಸಬಹುದು ಅಂದರು. ಇನ್ನೂ ಸೇವೆಗೆ ಬಂದಿಲ್ಲ. ಸ್ವಂತದ್ದೇ ಆಗಬೇಕು, ಎಲ್ಲ ಸರಿಯಾಗಿರಬೇಕು ಅಂತ ಕೂರೋದು ನಮ್ಮ ರೋಗ. ಅಲ್ಲಿವರೆಗೆ ಲಕ್ಷಗಟ್ಟಲೆ ಇದ್ದವರಿಗೆ ಖಾಸಗಿ ವಿಮಾನ, ಇಲ್ಲದವರಿಗೆ ಶಿರಾಡಿ ಘಾಟಿ.

ಸಾರಸ್ ಬಗ್ಗೆ ಹಗುರವಾಗಿ ಮಾತಾಡಬಾರದು, ನಿಜ. 2009ರಲ್ಲಿ ಬಿಡದಿ ಹತ್ತಿರ ಪರೀಕ್ಷಾ ಹಾರಾಟದಲ್ಲಿ ವಾಯುಪಡೆಯ ಮೂವರು ತೀರಿಕೊಂಡರು. ಜುಲೈ ತಿಂಗಳ ಘಾಟಿ ಮಂಜಿನಲ್ಲಿ ಸಣ್ಣ ವಿಮಾನ ಕೆಲಸಕ್ಕೆ ಬರೋದಿಲ್ಲ, ಅದೂ ನಿಜ. ಫ್ಲಿನ್‌ಗೆ ಕಣ್ಣು ಹಾಯುವಷ್ಟು ದೂರ ಒಣ ಬಯಲಿತ್ತು. ನಮಗೆ 2008ರಿಂದ 108 ಇದೆ, ತಾಲ್ಲೂಕಿಗೊಂದು ಆಸ್ಪತ್ರೆ ಇದೆ. ಮತ್ತೆ, ಗುರುತಿಲ್ಲದ ಮಗುವಿಗಾಗಿ ಕೆಲಸ ಬಿಟ್ಟು ರಸ್ತೆಗಿಳಿಯೋ ಜನ ಇಲ್ಲಿ ಆಸ್ಟ್ರೇಲಿಯಾದಲ್ಲಿ ನನಗಂತೂ ಕಂಡಿಲ್ಲ. ಒಪ್ಪಿದೆ, ಸರಿನಾ?

ಆದರೆ ಕಲಬುರಗಿ, ಬೀದರ್ ಕಡೆ ಯಾವ ಘಾಟಿ? ಎರಡೂ ಕಡೆ ವಿಮಾನ ನಿಲ್ದಾಣ ಇದೆ. ಒಂದು ಸಣ್ಣ ವಿಮಾನ ಬಾಡಿಗೆಗೆ ತಂದು, ಸ್ಟ್ರೆಚರ್ ಇಟ್ಟು, ಒಂದು ವರ್ಷ ಓಡಿಸಿ ನೋಡಬಹುದಲ್ವಾ? ಕ್ಲಾನ್‌ಕರಿಯಲ್ಲಿ ಶುರುವಾದದ್ದೂ ಒಂದೇ ವರ್ಷದ ಪ್ರಯೋಗ ಅಂತಲೇ.